ಗುರುಕೃಪೆಯಿಂದ ಬೋಧನಕ್ರಮಕ್ಕೆ: ಕನ್ನಡ ತರಗತಿಯ ಅಧ್ಯಾಪಕ–ವಿದ್ಯಾರ್ಥಿ ಸಂಬಂಧ

ಕನ್ನಡದ ಉನ್ನತ ಶಿಕ್ಷಣದಲ್ಲಿ ಗುರುಶಿಷ್ಯ ಸಂಬಂಧದ ಪ್ರಸ್ತಾಪ ಬಂದಾಗ ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಅವರ ನಿದರ್ಶನ ಮೊದಲು ನೆನಪಾಗುತ್ತದೆ. ಮೈಸೂರಿನಲ್ಲಿ ಕುವೆಂಪು ಅವರು ಕನ್ನಡ ಎಂ.ಎ. ಅಧ್ಯಯನ ಕೈಗೊಳ್ಳುವುದರ ಹಿಂದೆ ವೆಂಕಣ್ಣಯ್ಯನವರ ಪ್ರೋತ್ಸಾಹವಿತ್ತು. ವೆಂಕಣ್ಣಯ್ಯನವರು 1939ರಲ್ಲಿ ನಿಧನರಾದರು. ಅನಂತರ ಪೂರ್ಣಗೊಂಡ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಶಿಷ್ಯರು ಅವರಿಗೇ ಅರ್ಪಿಸಿದರು.

ಈ ನಿದರ್ಶನವನ್ನು ಕೃತಜ್ಞತೆಯ ಕಥನವಾಗಿ ಮಾತ್ರ ಓದಿದರೆ ಒಂದು ಪ್ರಶ್ನೆ ಮರೆಯಾಗುತ್ತದೆ. ಗುರುವಿನ ಕಣ್ಣಿಗೆ ಬೀಳದ ವಿದ್ಯಾರ್ಥಿಯ ಗತಿಯೇನು? ಇಂದಿನ ಕನ್ನಡ ತರಗತಿಗಳಲ್ಲಿ ತಮ್ಮ ಮನೆತನದಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ಅನೇಕರಿದ್ದಾರೆ. ಅವರ ಮೌನವನ್ನು ನಿರಾಸಕ್ತಿಯೆಂದು ಭಾವಿಸುವುದು ಸುಲಭ. ವಾಸ್ತವದಲ್ಲಿ ಅದು ಬಹುಮಟ್ಟಿಗೆ ತಮ್ಮ ನುಡಿಯ ಬಗೆಗಿನ ಸಂಕೋಚ.

ಹಳಗನ್ನಡ ಪಾಠವೇ ಇದಕ್ಕೆ ತಕ್ಕ ಉದಾಹರಣೆ. ಕಾವ್ಯದಲ್ಲಿ ಬರುವ ‘ಉಣ್’, ‘ಮೀ’ ಎಂಬ ಧಾತುಗಳನ್ನು ‘ಊಟ ಮಾಡು’, ‘ಸ್ನಾನ ಮಾಡು’ ಎಂದು ಬಿಡಿಸಿ ಹೇಳುವುದು ವಾಡಿಕೆ. ಆದರೆ ‘ಉಣ್ಣು’ ಹಳ್ಳಿಗಳ ದಿನಬಳಕೆಯ ಮಾತು. ‘ಮೀಯು’ ಕರಾವಳಿಯ ಮನೆಗಳಲ್ಲಿ ಇಂದಿಗೂ ಜೀವಂತ. ಅರ್ಥ ಹೇಳುವ ಮೊದಲು “ನಿಮ್ಮ ಕಡೆ ಇದಕ್ಕೆ ಏನೆನ್ನುತ್ತಾರೆ?” ಎಂದು ಅಧ್ಯಾಪಕರು ಕೇಳಿದರೆ, ಹಿಂದಿನ ಸಾಲಿನಲ್ಲಿ ಮೌನವಾಗಿದ್ದ ವಿದ್ಯಾರ್ಥಿಯೇ ಪಠ್ಯದ ವ್ಯಾಖ್ಯಾನಕಾರನಾಗುತ್ತಾನೆ. ಗ್ರಾಮ್ಯವೆಂದು ಮುಚ್ಚಿಟ್ಟ ನುಡಿ ಅಲ್ಲಿ ಪ್ರಮಾಣವಾಗುತ್ತದೆ.

ಇಂತಹ ಅವಕಾಶವು ಒಬ್ಬರ ಔದಾರ್ಯಕ್ಕೆ ಸೀಮಿತವಾಗದೆ ವ್ಯವಸ್ಥೆಯಾಗಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ನಾಟಕ ಸಂಘ, 1919ರಲ್ಲಿ ಅದು ಹೊರತಂದ ‘ಪ್ರಬುದ್ಧ ಕರ್ನಾಟಕ’ ಇವು ವೈಯಕ್ತಿಕ ಕಾಳಜಿಯು ಸಂಸ್ಥೆಯ ರೂಪ ತಾಳಬಲ್ಲದೆಂಬುದಕ್ಕೆ ಸಾಕ್ಷಿ. ಇಂದಿನ ಸೆಮಿಸ್ಟರ್ ಪದ್ಧತಿಯಲ್ಲೂ ಇದು ಅಸಾಧ್ಯವಲ್ಲ. ನಿಯೋಜಿತ ಬರಹದ ಮೊದಲ ಕರಡಿಗೆ ಅಂಕ ನೀಡದೆ ಟಿಪ್ಪಣಿ ಬರೆದು ಹಿಂದಿರುಗಿಸುವುದು, ಭೇಟಿಯ ವೇಳೆಯನ್ನು ಆಪ್ತರಿಗಷ್ಟೇ ಅಲ್ಲದೆ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸುವುದು, ಸಂಶೋಧನ ವಿಷಯದ ಆಯ್ಕೆಯಲ್ಲಿ ವಿದ್ಯಾರ್ಥಿಯ ಊರು, ಕಸುಬು, ನುಡಿಗಳಿಗೆ ಎಡೆಗೊಡುವುದು ಇಂತಹ ಕ್ರಮಗಳು.

ವಿದ್ಯಾರ್ಥಿಕೇಂದ್ರಿತ ಬೋಧನೆಯೆಂದರೆ ಪಾಂಡಿತ್ಯದ ಸಡಿಲಿಕೆಯಲ್ಲ. ತಪ್ಪನ್ನು ತಿದ್ದಲೇಬೇಕು. ಆದರೆ ತಿದ್ದಿಸಿಕೊಳ್ಳುವವನಿಗೆ ತಾನು ಈ ತರಗತಿಗೆ ಸೇರಿದವನೆಂಬ ವಿಶ್ವಾಸವಿರಬೇಕು. ಆ ವಿಶ್ವಾಸವು ಕೆಲವರಿಗೆ ಮಾತ್ರ ದೊರೆಯುವ ಕೃಪೆಯಾಗಿ ಉಳಿಯದೆ ಎಲ್ಲರಿಗೂ ಸಲ್ಲುವ ಬೋಧನಕ್ರಮವಾಗುವುದು ಇಂದಿನ ಅಗತ್ಯ.