ಮೈಲ್ಸ್‌ನ ಅಮ್ಮ ಯಾಕೆ ಸ್ಪ್ಯಾನಿಷ್ ಮಾತಾಡ್ತಾಳೆ?

‘ಮೈಲ್ಸ್ ಕಪ್ಪು ಹುಡುಗ ಅಲ್ವಾ? ಮತ್ತೆ ಅವನಮ್ಮ ಯಾಕೆ ಸ್ಪ್ಯಾನಿಷ್ ಮಾತಾಡ್ತಾಳೆ?’ 2018ರ ‘ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್’ ನೋಡುವಾಗ ಮಗು ಹೀಗೆ ಕೇಳಿದರೆ ‘ಸುಮ್ನೆ ಸಿನಿಮಾ ನೋಡು’ ಎನ್ನಬೇಡಿ. ಮೈಲ್ಸ್ ಮೊರಾಲೆಸ್‌ನ ತಂದೆ ಆಫ್ರಿಕನ್ ಅಮೆರಿಕನ್, ತಾಯಿ ಪೋರ್ಟೊ ರಿಕೊ ಮೂಲದವಳು. ಅವನು ಆಫ್ರೋ-ಲ್ಯಾಟಿನೋ, ಅಂದರೆ ಆಫ್ರಿಕನ್ ಬೇರಿನ ಲ್ಯಾಟಿನ್ ಅಮೆರಿಕನ್. ಹಾಗಂತ ಆಫ್ರೋ-ಲ್ಯಾಟಿನೋ ಆಗಲು ಅಪ್ಪ ಅಮ್ಮ ಬೇರೆ ಬೇರೆ ಮೂಲದವರೇ ಆಗಿರಬೇಕೆಂದಿಲ್ಲ. ಕ್ಯೂಬಾ, ಪನಾಮಾ, ಕೊಲಂಬಿಯಾ, ಡೊಮಿನಿಕನ್ ರಿಪಬ್ಲಿಕ್‌ಗಳಲ್ಲಿ ತಲೆತಲಾಂತರದಿಂದ ಸ್ಪ್ಯಾನಿಷ್ಷೇ ಮನೆಮಾತಾಗಿರುವ ಕಪ್ಪು ಕುಟುಂಬಗಳಿವೆ.

ಹಾಲಿವುಡ್ ನೋಡಿ ಬೆಳೆದ ನಮಗೆ ಅಮೆರಿಕ ಖಂಡದ ಕಪ್ಪು ಜನರೆಂದರೆ ಇಂಗ್ಲಿಷ್ ಆಡುವವರು. ಚರಿತ್ರೆಯ ಲೆಕ್ಕ ಬೇರೆಯೇ ಇದೆ. ಗುಲಾಮರ ಹಡಗುಗಳಲ್ಲಿ ಅಟ್ಲಾಂಟಿಕ್ ದಾಟಿ ಜೀವಂತವಾಗಿ ದಡ ಸೇರಿದ ಆಫ್ರಿಕನ್ನರು ಸುಮಾರು 1 ಕೋಟಿ 7 ಲಕ್ಷ. ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ನೇರವಾಗಿ ಬಂದವರು 4 ಲಕ್ಷದ ಆಸುಪಾಸು, ಅಷ್ಟೇ. ಬ್ರೆಜಿಲ್ ಒಂದಕ್ಕೇ 48 ಲಕ್ಷದಷ್ಟು ಜನ. ಮಿಕ್ಕವರಲ್ಲಿ ಬಹುಪಾಲು ಕೆರಿಬಿಯನ್ ದ್ವೀಪಗಳಿಗೆ, ಸ್ಪೇನಿನ ವಸಾಹತುಗಳಿಗೆ. ಎಂಟು ಹತ್ತು ವರ್ಷದ ಮಗುವಿಗೆ ಭೂಪಟ ಬಿಡಿಸಿ ಇಷ್ಟು ತೋರಿಸಿದರೆ ಸಾಕು, ಅರ್ಥವಾಗುತ್ತದೆ.

ಅದರ ಮುಂದಿನದು ಹೇಳಲು ಕಷ್ಟ. ‘ನಾವೆಲ್ಲ ಬೆರೆತ ರಕ್ತದವರು’ ಎಂದು ಹೆಮ್ಮೆಪಡುವ ಆ ನಾಡುಗಳಲ್ಲೂ ಒಂದೇ ಮನೆಯ ತಿಳಿಬಣ್ಣದ ಮಗಳಿಗೊಂದು ಮಾತು, ಕಡುಬಣ್ಣದ ಮಗಳಿಗೊಂದು ಮಾತು. ಗುಂಗುರು ಕೂದಲು ‘ಪೆಲೋ ಮಾಲೋ’, ಅಂದರೆ ಕೆಟ್ಟ ಕೂದಲು. ಬಿಳಿಯರನ್ನು ಮದುವೆಯಾದರೆ ‘ಕುಲ ಸುಧಾರಿಸಿತು’ ಎನ್ನುವ ಅಜ್ಜಿಯರಿದ್ದಾರೆ. ವಧು ಹುಡುಕುವಾಗಿನ ನಮ್ಮ ಮಾತುಕತೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತೆರೆಯ ಮೇಲೂ ಇದೇ ನಡೆಯುತ್ತದೆ. 2021ರಲ್ಲಿ ‘ಇನ್ ದ ಹೈಟ್ಸ್’ ಬಂತು. ಕತೆ ನಡೆಯುವ ನ್ಯೂಯಾರ್ಕಿನ ವಾಷಿಂಗ್ಟನ್ ಹೈಟ್ಸ್ ಡೊಮಿನಿಕನ್ನರ ನೆಲೆ. ಅಲ್ಲಿ ಕಡುಕಪ್ಪು ಮುಖಗಳಿಗೆ ಕೊರತೆಯಿಲ್ಲ. ಸಿನಿಮಾದಲ್ಲಿ ಅವರು ಕಂಡದ್ದು ಹೆಚ್ಚಾಗಿ ಕುಣಿಯುವವರ ಗುಂಪಿನಲ್ಲಿ. ಮುಖ್ಯ ಪಾತ್ರಗಳಲ್ಲೊಬ್ಬಳಾದ ಲೆಸ್ಲಿ ಗ್ರೇಸ್ ಸ್ವತಃ ಆಫ್ರೋ-ಲ್ಯಾಟಿನಾ, ಆದರೆ ತಿಳಿಬಣ್ಣದವಳು. ಟೀಕೆ ಎದ್ದಾಗ ಮೂಲ ನಾಟಕದ ಕರ್ತೃ ಲಿನ್-ಮ್ಯಾನುಯೆಲ್ ಮಿರಾಂಡಾ ಕ್ಷಮೆ ಕೇಳಿದರು. ಇದಕ್ಕೆ ಐದು ವರ್ಷ ಮೊದಲು, ಕಡುಕಪ್ಪು ಗಾಯಕಿ ನೀನಾ ಸಿಮೋನ್‌ಳ ಪಾತ್ರಕ್ಕೆ ಜೋಯಿ ಸಾಲ್ಡಾನಾ ಮುಖಕ್ಕೆ ಬಣ್ಣ ಬಳಿದುಕೊಂಡಿದ್ದರು, ಕೃತಕ ಮೂಗು ಅಂಟಿಸಿಕೊಂಡಿದ್ದರು. ಡೊಮಿನಿಕನ್ ಬೇರಿನ, ಕಪ್ಪು ಮಹಿಳೆಯೆಂದೇ ಗುರುತಿಸಿಕೊಳ್ಳುವ ನಟಿ ಅವರು. 2020ರಲ್ಲಿ ಅವರೂ ಕ್ಷಮೆ ಕೇಳಿದರು. ಒಂದು ಸಮುದಾಯ ತೆರೆಗೆ ಬಂತೆಂದು ಚಪ್ಪಾಳೆ ಹೊಡೆಯುವ ಮೊದಲು, ಅದರೊಳಗೆ ಯಾವ ಬಣ್ಣಕ್ಕೆ ಯಾವ ಪಾತ್ರ ಸಿಕ್ಕಿತೆಂದು ನೋಡಬೇಕು ಎನ್ನುವುದು ಇದಕ್ಕೇ.

ಮಕ್ಕಳಂತೂ ಅದನ್ನು ನೋಡಿಯೇ ನೋಡುತ್ತವೆ. 1940ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮೇಮಿ ಮತ್ತು ಕೆನೆತ್ ಕ್ಲಾರ್ಕ್ ದಂಪತಿ ಕಪ್ಪು ಮಕ್ಕಳ ಮುಂದೆ ಎರಡು ಬಣ್ಣದ ಗೊಂಬೆಗಳನ್ನಿಟ್ಟರು. ಮೂರರಿಂದ ಏಳು ವರ್ಷದ ಆ ಮಕ್ಕಳಲ್ಲಿ ಹೆಚ್ಚಿನವರು ಒಳ್ಳೆಯದೆಂದು ತೋರಿಸಿದ್ದು ಬಿಳಿ ಗೊಂಬೆಯನ್ನು. ಮೂರು ವರ್ಷದ ಮಗುವಿಗೆ ಇದನ್ನು ಯಾರೂ ಪಾಠ ಮಾಡಿ ಕಲಿಸಿರುವುದಿಲ್ಲ.

ಹೀಗಾಗಿ ‘ನಮ್ಮ ಮನೇಲಿ ಬಣ್ಣದ ಬಗ್ಗೆ ಮಾತೇ ಆಡಲ್ಲ’ ಎನ್ನುವ ಪೋಷಕರ ಉಪಾಯ ನನಗೆ ಒಪ್ಪಿಗೆಯಿಲ್ಲ. ನಾವು ಬಾಯಿ ಮುಚ್ಚಿದ್ದರೆ ಸೋಪಿನ ಜಾಹೀರಾತು ಮಾತಾಡುತ್ತದೆ. ಕಾರ್ಟೂನ್ ಮುಗಿದ ಮೇಲೆ ಒಂದೆರಡು ಪ್ರಶ್ನೆ ಹಾಕಿ: ಇವರಲ್ಲಿ ಯಾರಿಗೆ ಹೆಸರಿತ್ತು? ಯಾರು ಬರೀ ನಗಿಸೋಕೆ ಬಂದರು? ಕೊಲಂಬಿಯಾದ ಕತೆ ಹೇಳುವ ‘ಎನ್‌ಕ್ಯಾಂಟೊ’ದಲ್ಲಿ ಪುಟ್ಟ ಆಂಟೋನಿಯೋ, ಅವನಪ್ಪ ಫೆಲಿಕ್ಸ್, ಅಕ್ಕ ಡೊಲೊರೆಸ್ ಮೂವರೂ ಕಪ್ಪು ಬಣ್ಣದವರು, ಒಂದೇ ಮನೆಯವರು, ಅದರ ಬಗ್ಗೆ ಯಾರೂ ಅಲ್ಲಿ ತಲೆಕೆಡಿಸಿಕೊಳ್ಳುವುದಿಲ್ಲ. ಚಿಕ್ಕ ಮಕ್ಕಳ ಜೊತೆ ಮಾತಿಗೆ ಕೂರಲು ಅದು ಚೆನ್ನಾಗಿದೆ.

ನ್ಯೂಜೆರ್ಸಿಯಲ್ಲೋ ಟೆಕ್ಸಸ್‌ನಲ್ಲೋ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಿಗೆ ಇನ್ನೊಂದು ಮಾತು. ಡೊಮಿನಿಕನ್ ಸಹಪಾಠಿಯ ಕೂದಲು ಮುಟ್ಟಿ ನೋಡಬಾರದು, ‘ನೀನು ಕಪ್ಪೋ ಸ್ಪ್ಯಾನಿಷ್ಷೋ’ ಎಂದು ಕೇಳಬಾರದು ಎಂದು ಮಗುವಿಗೆ ಹೇಳಿಕೊಡುತ್ತೀರಿ, ಸರಿ. ಅದೇ ಸಂಜೆ ವಿಡಿಯೋ ಕಾಲ್‌ನಲ್ಲಿ ಊರಿನ ಅತ್ತೆ ‘ಬಿಸಿಲಲ್ಲಿ ಆಡಿ ಎಷ್ಟು ಕಪ್ಪಗಾಗಿದೀಯೇ’ ಎಂದರೆ? ಅತ್ತೆಯನ್ನು ಗದರಿಸಬೇಕಾಗಿಲ್ಲ. ‘ಈಜು ಕಲಿತಿದಾಳೆ ಅತ್ತೆ, ಅದನ್ನ ಕೇಳಿ’ ಎಂದು ಮಗುವಿಗೂ ಕೇಳುವಂತೆ ಹೇಳಿ.

ಕರ್ನಾಟಕದಲ್ಲೇ ಇರುವವರು ಯಲ್ಲಾಪುರ, ಹಳಿಯಾಳದ ಕಡೆ ಹೋದಾಗ ಸಿದ್ದಿಯರ ಬಗ್ಗೆ ಹೇಳಿ. ಬ್ರೆಜಿಲ್‌ಗೆ ಆಫ್ರಿಕನ್ನರನ್ನು ಸಾಗಿಸಿದ ಪೋರ್ಚುಗೀಸರೇ ಗೋವೆಗೂ ತಂದರು. ಸಿದ್ದಿಯರಲ್ಲಿ ಹಲವರ ಪೂರ್ವಿಕರು ಹಾಗೆ ಬಂದವರು. ಕನ್ನಡ, ಕೊಂಕಣಿ ಆಡುವ ಅವರನ್ನು ‘ಯಾವ ದೇಶ?’ ಎಂದು ಕೇಳುವವರು ಈಗಲೂ ಇದ್ದಾರೆ.

ಹದಿಹರೆಯದವರಿಗೆ ಆರ್ಟುರೋ ಶೋಂಬರ್ಗ್ ಕತೆ ಹಿಡಿಸುತ್ತದೆ. 1874ರಲ್ಲಿ ಪೋರ್ಟೊ ರಿಕೊದಲ್ಲಿ ಹುಟ್ಟಿದವನು. ಕಪ್ಪು ಜನರಿಗೆ ಚರಿತ್ರೆಯೇ ಇಲ್ಲವೆಂದು ಶಾಲೆಯಲ್ಲಿ ಟೀಚರ್ ಹೇಳಿದ್ದೇ ಅವನನ್ನು ಕೆಣಕಿತಂತೆ. ಬದುಕಿನುದ್ದಕ್ಕೂ ಪುಸ್ತಕ, ಹಸ್ತಪ್ರತಿ, ಚಿತ್ರಗಳನ್ನು ಕಲೆಹಾಕಿದ. ಆ ಸಂಗ್ರಹವನ್ನು 1926ರಲ್ಲಿ 10,000 ಡಾಲರ್‌ಗೆ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕಾಗಿ ಕೊಂಡರು. ಅವನ ಹೆಸರಿನ ಕೇಂದ್ರ ಹಾರ್ಲೆಮ್‌ನ 135ನೇ ಬೀದಿಯ ಮೂಲೆಯಲ್ಲಿದೆ. ನ್ಯೂಯಾರ್ಕಿಗೆ ಹೋದವರು ಟೈಮ್ಸ್ ಸ್ಕ್ವೇರ್ ಮುಗಿಸಿ ಮಕ್ಕಳನ್ನು ಅಲ್ಲಿಗೂ ಒಂದು ಮಧ್ಯಾಹ್ನ ಕರೆದೊಯ್ಯಬಹುದು.