ಹಿಮಭೂಮಿಯ ಹೂಗಿಡದ ವಂಶಚಿಹ್ನೆಗಳು

ಉತ್ತರ ಧ್ರುವದ ನೆರೆಯ ನಾಡುಗಳಲ್ಲಿಯೂ ಆಲ್ಪ್ಸ್ ಪರ್ವತಗಳ ಎತ್ತರದಲ್ಲಿಯೂ ಡ್ರಯಾಸ್ ಆಕ್ಟೋಪೆಟಲಾ ಎಂಬ ಕುಳ್ಳುಗಿಡವು ಬೆಳೆಯುತ್ತದೆ. ಗುಲಾಬಿಯ ಕುಟುಂಬಕ್ಕೆ ಸೇರಿದ ಈ ಗಿಡ ನೆಲಕ್ಕಂಟಿ ಚಾಪೆಯಂತೆ ಹರಡುತ್ತದೆ. ಇದರ ಬಿಳಿಯ ಹೂವಿಗೆ ಸಾಮಾನ್ಯವಾಗಿ ಎಂಟು ಎಸಳುಗಳು. ನಾರ್ವೆಯ ಉತ್ತರಕ್ಕಿರುವ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿಯೂ ಇದುಂಟು. ಆದರೆ ಸುಮಾರು 20,000 ವರ್ಷಗಳ ಹಿಂದೆ ಆ ದ್ವೀಪಗಳ ಬಹುಭಾಗವನ್ನು ಹಿಮವು ಮುಚ್ಚಿತ್ತು. ಹಾಗಾದರೆ ಗಿಡವು ಅಲ್ಲಿಯೇ ಎಲ್ಲಿಯೋ ಬದುಕಿ ಉಳಿಯಿತೆ, ಇಲ್ಲವೆ ನೂರಾರು ಕಿಲೋಮೀಟರು ಕಡಲನ್ನು ದಾಟಿ ಬಂದಿತೆ?

ಎಲೆ ಹೂಗಳ ಆಕಾರದಿಂದ ಇದನ್ನು ನಿರ್ಧರಿಸುವುದು ಕಷ್ಟ. ಹವೆ, ಮಣ್ಣುಗಳೂ ಆಕಾರವನ್ನು ಬದಲಿಸಬಲ್ಲವು. ಆದುದರಿಂದ ವಿಜ್ಞಾನಿಗಳು ಜೀವಕೋಶದ ಡಿಎನ್‌ಎಯಲ್ಲಿಯೇ ಗುರುತುಗಳನ್ನು ಹುಡುಕುತ್ತಾರೆ. 1995ರಲ್ಲಿ ಪ್ರಕಟವಾದ ಎಎಫ್‌ಎಲ್‌ಪಿ ಎಂಬ ವಿಧಾನವು ಇದಕ್ಕೆ ಅನುಕೂಲವಾಯಿತು. ಮೊದಲು ಕೆಲವು ಕಿಣ್ವಗಳಿಂದ ಡಿಎನ್‌ಎಯನ್ನು ಕತ್ತರಿಸುತ್ತಾರೆ. ಪ್ರತಿಯೊಂದು ಕಿಣ್ವವೂ ಒಂದು ನಿಶ್ಚಿತ ಅಕ್ಷರಕ್ರಮವಿರುವಲ್ಲಿ ಮಾತ್ರ ಕತ್ತರಿಸುವುದು. ದೊರೆತ ತುಂಡುಗಳಲ್ಲಿ ಕೆಲವನ್ನು ಆರಿಸಿ, ಅವುಗಳ ಪ್ರತಿಗಳನ್ನು ಹೆಚ್ಚಿಸಿ, ವಿದ್ಯುತ್ತಿನ ಸಹಾಯದಿಂದ ಉದ್ದಕ್ಕನುಸಾರವಾಗಿ ಬೇರ್ಪಡಿಸುತ್ತಾರೆ. ಒಂದು ಗಿಡದಲ್ಲಿ ಆ ಅಕ್ಷರಕ್ರಮ ಬದಲಾಗಿದ್ದರೆ ಅಲ್ಲಿ ಕತ್ತರಿಯಾಡುವುದಿಲ್ಲ. ಆ ಉದ್ದದ ತುಂಡು ಕಾಣಿಸುವುದಿಲ್ಲ. ಈ ಇರುವಿಕೆ ಇಲ್ಲದಿರುವಿಕೆಗಳೇ ವಂಶಚಿಹ್ನೆ.

ಆದರೆ ಕಂಡ ತುಂಡೆಲ್ಲ ಚಿಹ್ನೆಯಾಗದು. ಎಲ್ಲ ಗಿಡಗಳಲ್ಲಿಯೂ ಇರುವ ತುಂಡು ಒಂದನ್ನು ಇನ್ನೊಂದರಿಂದ ಬೇರ್ಪಡಿಸಲಾರದು. ಒಂದೇ ಗಿಡವನ್ನು ಎರಡು ಸಲ ಪರೀಕ್ಷಿಸಿದಾಗ ಒಮ್ಮೆ ಕಂಡು ಒಮ್ಮೆ ಮರೆಯಾಗುವ ತುಂಡು ನಮ್ಮನ್ನು ದಾರಿ ತಪ್ಪಿಸುವುದು. ಅಂಥವನ್ನು ತೆಗೆದುಹಾಕಿ, ಭೇದವುಳ್ಳವೂ ನಂಬತಕ್ಕವೂ ಆದ ಚಿಹ್ನೆಗಳನ್ನು ಮಾತ್ರ ಉಳಿಸಿಕೊಳ್ಳಬೇಕು. ಸಂಶೋಧನೆಯ ಸತ್ಯತೆಯು ಈ ತಾಳ್ಮೆಯ ಕೆಲಸವನ್ನೇ ಅವಲಂಬಿಸಿದೆ.

2007ರಲ್ಲಿ ಇಂಗರ್ ಗ್ರೇವೆ ಆಲ್ಸೋಸ್ ಮತ್ತು ಅವರ ಸಹೋದ್ಯೋಗಿಗಳು, ಡ್ರಯಾಸ್ ಸೇರಿ ಒಂಬತ್ತು ಜಾತಿಗಳ 4,439 ಮಾದರಿಗಳನ್ನು ಹೀಗೆ ಪರೀಕ್ಷಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಸ್ವಾಲ್‌ಬಾರ್ಡಿನ ಗಿಡಗಳ ಚಿಹ್ನೆಗಳನ್ನು ಸುತ್ತಣ ನಾಡುಗಳವುಗಳೊಡನೆ ಹೋಲಿಸಿದಾಗ, ಸಸ್ಯಗಳು ಹಲವು ದಿಕ್ಕುಗಳಿಂದ ಮತ್ತೆ ಮತ್ತೆ ಬಂದು ನೆಲಸಿದ್ದುವೆಂದು ತಿಳಿಯಿತು. ಹೆಚ್ಚಿನವು ಬಂದುದು ವಾಯವ್ಯ ರಷ್ಯದಿಂದ. ಬೆಚ್ಚಗಿನ ಹವೆಯನ್ನು ಹೆಚ್ಚಾಗಿ ಬಯಸುವ ಜಾತಿಗಳಿಗೆ ಮಾತ್ರ ಅಲ್ಲಿ ಬೇರೂರುವುದು ದುಸ್ತರವಾಗಿತ್ತು. ಬೀಜವು ಕಡಲನ್ನು ದಾಟುವುದಕ್ಕಿಂತ ಹೊಸ ನೆಲದಲ್ಲಿ ಬದುಕುವುದೇ ಹೆಚ್ಚು ಕಠಿನವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಭೂಮಿಯು ಬಿಸಿಯಾಗುತ್ತಿರುವ ಈ ಕಾಲದಲ್ಲಿ ಯಾವ ಸಸ್ಯ ಎಲ್ಲಿಗೆ ಸರಿದು ಉಳಿದೀತು ಎಂದು ಊಹಿಸಲು ಇಂತಹ ಚಿಹ್ನೆಗಳು ನಮಗೆ ಒಳ್ಳೆಯ ಆಧಾರವಾಗಿವೆ.