ಸಾವಿರ ಗಜದ ಗುರಿಗೆ ಎಂಥ ಗುಂಡು?

ಇಂಗ್ಲೆಂಡಿನ ರಾಷ್ಟ್ರೀಯ ರೈಫಲ್ ಸಂಘವು 1860ರಲ್ಲಿ ವಿಂಬಲ್ಡನ್ನಿನ ಬಯಲಿನಲ್ಲಿ ತನ್ನ ಮೊದಲ ಪಂದ್ಯಗಳನ್ನು ಏರ್ಪಡಿಸಿದಾಗ, ಪೀಠದ ಮೇಲೆ ಬಿಗಿದಿದ್ದ ವಿಟ್‌ವರ್ಥ್ ರೈಫಲಿನಿಂದ ವಿಕ್ಟೋರಿಯಾ ರಾಣಿಯೇ ಮೊದಲ ಗುಂಡನ್ನು ಹಾರಿಸಿದರು. 1890ರಲ್ಲಿ ಪಂದ್ಯಗಳು ಬಿಸ್ಲಿಗೆ ಸ್ಥಳಾಂತರಗೊಂಡವು. ಅಲ್ಲಿಯ ಪ್ರಸಿದ್ಧವಾದ ‘ಅರಸನ ಬಹುಮಾನ’ದ ಅಂತಿಮ ಸುತ್ತಿನಲ್ಲಿ 900 ಮತ್ತು 1000 ಗಜಗಳ ದೂರದಿಂದ ಗುರಿಯನ್ನು ಹೊಡೆಯಬೇಕು. 1000 ಗಜವೆಂದರೆ 914 ಮೀಟರು. ಪೂರ್ಣ ಅಂಕ ದೊರೆಯುವ ನಡುವೃತ್ತದ ವ್ಯಾಸವಾದರೋ ಸುಮಾರು 60 ಸೆಂಟಿಮೀಟರು ಮಾತ್ರ. ಇಂಥ ಗುರಿಗೆ ಯಾವ ರೈಫಲು, ಯಾವ ಗುಂಡು ತಕ್ಕುದೆಂಬುದನ್ನು ನಾವೀಗ ವಿಚಾರಿಸೋಣ.

ಗುಂಡು ವೇಗವಾಗಿ ಹೊರಟರೆ ಸಾಕೆಂದು ಮೊದಲ ನೋಟಕ್ಕೆ ತೋರುತ್ತದೆ. ಈ ಪಂದ್ಯಗಳಲ್ಲಿ ರೂಢಿಯಲ್ಲಿರುವ 155 ಗ್ರೇನ್, ಅಂದರೆ ಸುಮಾರು 10 ಗ್ರಾಂ ತೂಕದ ಗುಂಡನ್ನು ತೆಗೆದುಕೊಳ್ಳೋಣ. ಸೆಕೆಂಡಿಗೆ 900 ಮೀಟರು ವೇಗದಿಂದ ಹೊರಟ ಅದು 1000 ಗಜ ಕ್ರಮಿಸಲು ಸುಮಾರು 1.55 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಭೂಮಿಯ ಆಕರ್ಷಣೆಯು ಅದನ್ನು ನಳಿಗೆಯ ನೇರದಿಂದ ಹತ್ತು ಮೀಟರುಗಳಷ್ಟು ಕೆಳಕ್ಕೆ ಸೆಳೆದಿರುತ್ತದೆ. ಆದರೆ ಇದರಿಂದ ಎದೆಗುಂದಬೇಕಾಗಿಲ್ಲ. ವೇಗವು ಬದಲಾಗದಿದ್ದರೆ ಈ ಇಳಿತವೂ ಬದಲಾಗದು. ಆದುದರಿಂದ ಗುರಿನೋಟದ ಕಿಂಡಿಯನ್ನು ಅದಕ್ಕೆ ಸರಿಯಾಗಿ ಏರಿಸಿಕೊಂಡರಾಯಿತು.

ನಿಜವಾದ ವೈರಿ ಅಡ್ಡಗಾಳಿ. ಹಾರುವ ಗುಂಡು ತನಗೆ ಎದುರಾಗುವ ಗಾಳಿಯತ್ತ ಮೂತಿಯನ್ನು ತುಸು ತಿರುಗಿಸಿಕೊಳ್ಳುತ್ತದೆ. ಆಗ ಗಾಳಿಯ ತಡೆಯು ಅದನ್ನು ಹಿಂದಕ್ಕೆ ಎಳೆಯುವುದಲ್ಲದೆ ಸ್ವಲ್ಪ ಪಕ್ಕಕ್ಕೂ ಎಳೆಯುತ್ತದೆ. ಇದರ ಲೆಕ್ಕ ಬಹು ಸರಳವಾದುದು. ಗಾಳಿಯೇ ಇಲ್ಲದ ನಿರ್ವಾತದಲ್ಲಿ ನಮ್ಮ ಗುಂಡಿಗೆ 914 ÷ 900, ಅಂದರೆ 1.02 ಸೆಕೆಂಡು ಸಾಕಾಗುತ್ತಿತ್ತು. ಆದುದರಿಂದ ತಡೆಯಿಂದ ಉಂಟಾದ ವಿಳಂಬ 0.53 ಸೆಕೆಂಡು. ಈ ವಿಳಂಬವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಗುಂಡು ಪಕ್ಕಕ್ಕೆ ಸರಿಯುವ ದೂರ ದೊರೆಯುತ್ತದೆ. ಗಾಳಿಯ ವೇಗ ಸೆಕೆಂಡಿಗೆ 4 ಮೀಟರಾದರೆ ಸರಿತವು 2.12 ಮೀಟರು! ಸ್ಪರ್ಧಿಯು ಗಾಳಿಯನ್ನು ಅಂದಾಜು ಮಾಡುವಾಗ ಸೆಕೆಂಡಿಗೆ 0.6 ಮೀಟರಿನಷ್ಟು ತಪ್ಪಿದರೂ ನಡುವೃತ್ತದ ಮಧ್ಯಕ್ಕಿಟ್ಟ ಗುಂಡು ವೃತ್ತದ ಹೊರಗೆ ಬೀಳುತ್ತದೆ.

ಆದಕಾರಣ ಹೊರಡುವಾಗಿನ ವೇಗಕ್ಕಿಂತ ಆ ವೇಗವನ್ನು ಕಾಪಾಡಿಕೊಳ್ಳುವ ಗುಣವೇ ಮುಖ್ಯ. ಉದ್ದನೆಯ ಚೂಪು ಮೂತಿಯೂ, ಹಿಂಬದಿಗೆ ಕಿರಿದಾಗುತ್ತ ಹೋಗುವ ಬುಡವೂ ಉಳ್ಳ, ವ್ಯಾಸಕ್ಕೆ ಹೋಲಿಸಿದರೆ ಭಾರವಾದ ಗುಂಡಿಗೆ ಈ ಗುಣವಿರುತ್ತದೆ. ಮತ್ತೊಂದು ಎಚ್ಚರಿಕೆಯೂ ಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಗುಂಡಿನ ವೇಗವು ಗುರಿಗೆ ಮುಂಚೆಯೇ ಈ ಮಟ್ಟಕ್ಕೆ ಇಳಿದರೆ ಅದು ತೊನೆದಾಡಿ ದಾರಿ ತಪ್ಪುವ ಸಂಭವವುಂಟು. ಸುಮಾರು 30 ಅಂಗುಲದ ಉದ್ದ ನಳಿಗೆಯನ್ನು ಆರಿಸುವುದು ಇದಕ್ಕಾಗಿಯೇ. ಅದರೊಳಗೆ ಮದ್ದಿನ ಅನಿಲವು ಗುಂಡನ್ನು ಹೆಚ್ಚು ದೂರ ನೂಕಿ ಹೆಚ್ಚು ವೇಗ ಕೊಡುತ್ತದೆ.

ನಳಿಗೆಯ ಒಳಗಣ ಸುರುಳಿ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ಸ್ಥಿರವಾಗಿರಿಸುತ್ತವೆ. 13 ಅಂಗುಲಕ್ಕೊಂದು ಸುತ್ತು ಇದ್ದರೆ ನಮ್ಮ ಗುಂಡು ಸೆಕೆಂಡಿಗೆ ಸುಮಾರು 2700 ಸಲ ತಿರುಗುತ್ತದೆ. ಗುಂಡು ಉದ್ದವಾದಷ್ಟೂ ಬಿಗಿಯಾದ ಸುರುಳಿ ಬೇಕೆಂಬ ನಿಯಮವನ್ನು ಗ್ರೀನ್‌ಹಿಲ್ ಎಂಬ ಗಣಿತಜ್ಞರು 1879ರಲ್ಲಿಯೇ ಸೂತ್ರರೂಪದಲ್ಲಿ ಕೊಟ್ಟರು. ಹೀಗೆ ಗುಂಡನ್ನು ನಿಶ್ಚಯಿಸಿದ ಬಳಿಕವೇ ಅದಕ್ಕೊಪ್ಪುವ ನಳಿಗೆಯನ್ನು ಆರಿಸುವುದು ಯುಕ್ತ.

ಕೊನೆಯದಾಗಿ, ತೋಟಾಗಳೆಲ್ಲ ಏಕರೂಪವಾಗಿರಬೇಕು. ಎರಡು ತೋಟಾಗಳ ನಡುವೆ ಸೆಕೆಂಡಿಗೆ 10 ಮೀಟರಿನ ವೇಗವ್ಯತ್ಯಾಸವಿದ್ದರೆ ಗುರಿಯ ಮೇಲೆ ಸುಮಾರು 20 ಸೆಂಟಿಮೀಟರಿನ ಏರಿಳಿತವಾಗುತ್ತದೆ. ಮದ್ದನ್ನು ಅಷ್ಟು ನಿಖರವಾಗಿ ತೂಗಿ ತುಂಬುವುದರ ಕಾರಣ ಇದೇ.

ನಮ್ಮ ಗುಂಡಿಗೆ ಬದಲಾಗಿ 0.40 ಸೆಕೆಂಡು ಮಾತ್ರ ವಿಳಂಬವಾಗುವ ಗುಂಡೊಂದಿದೆಯೆಂದು ಭಾವಿಸಿ, ಅದೇ 4 ಮೀಟರಿನ ಗಾಳಿಯಲ್ಲಿ ಅದರ ಸರಿತವೆಷ್ಟೆಂದು ವಾಚಕರು ಗುಣಿಸಿ ನೋಡಲಿ. ಅರ್ಧ ಮೀಟರಿಗಿಂತಲೂ ಹೆಚ್ಚಿನ ಉಳಿತಾಯ ಕಾಣುವುದು. ಆದರೂ ಸರಿತವು ಪೂರ್ತಿ ಇಲ್ಲವಾಗದು. ಮೈದಾನದ ಬಾವುಟಗಳನ್ನು ನೋಡಿ ಗಾಳಿಯನ್ನು ಅರಿಯುವ ಕೆಲಸ ಸ್ಪರ್ಧಿಯ ಕಣ್ಣಿಗೇ ಸೇರಿದ್ದು.